ಹಾಲು ಹೆಚ್ಚಾದ ಮನೆಗೆ ಒಂದು ಖಾರದ ಚೀಸ್ ಕೇಕ್

ಈ ತಲೆಬರಹ ನೋಡಿದ ಸದಸ್ಯ ಬಾಂಧವರು, "ಕಾರ್ಯದರ್ಶಿಗಳಿಗೆ ಬೋರ್ಡೋ ದ್ರಾವಣದ ವಿಷಯ ಮುಗಿದುಹೋಯಿತೇ?" ಎಂದು ಕೇಳಬಹುದು. ಮುಗಿದಿಲ್ಲ, ಕೊಳೆರೋಗದ ಸಿಂಪರಣೆಯ ವಿಚಾರ ಮುಂದಿನ ಸಂಚಿಕೆಯಲ್ಲಿ ಬಂದೇ ಬರುತ್ತದೆ. ಈ ಸಲ ಅಡಿಗೆಮನೆಯ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಅದಕ್ಕೆ ಕೊಟ್ಟಿಗೆಯ ಸಂಬಂಧವೂ ಇದೆ, ತೋಟದ ಗೊಬ್ಬರದ ಸಂಬಂಧವೂ ಇದೆ.

ನಮ್ಮ ಮನೆಯಲ್ಲಿ ಎರಡು ಹಸುಗಳಿವೆ. ಮಕ್ಕಳಿಬ್ಬರೂ ಬೆಂಗಳೂರು ಸೇರಿದ ಮೇಲೆ ಹಾಲು ಕುಡಿಯುವವರು ನಾವಿಬ್ಬರೇ. ಡೇರಿಯ ಹಾಲಿನ ಗಾಡಿ ನಮ್ಮ ರಸ್ತೆಗೆ ಬರುವುದಿಲ್ಲ. ಕಳೆದ ಮಳೆಗಾಲದಲ್ಲಿ, ಒಂದು ಹಸುವನ್ನು ಕೊಟ್ಟುಬಿಡೋಣವೆಂದು ನಾನು ಮಾತು ತೆಗೆದೆ. "ಕೊಡಿ, ಬೇಡ ಅನ್ನುವುದಿಲ್ಲ. ಆಮೇಲೆ ಅಡಿಕೆ ಮರದ ಬುಡಕ್ಕೆ ಏನು ಹಾಕುತ್ತೀರಿ? ಲಾರಿ ಗೊಬ್ಬರ ಎಷ್ಟಕ್ಕೆ ಬೀಳುತ್ತದೆ ಅಂತ ನಿಮ್ಮ ಸಂಘದ ಲೆಕ್ಕದಲ್ಲೇ ನೋಡಿಕೊಳ್ಳಿ" ಎಂದರು ನಮ್ಮ ಮನೆಯವರು. ಕಾರ್ಯದರ್ಶಿಗೆ ಉತ್ತರ ಹೊಳೆಯಲಿಲ್ಲ.

ಮಕ್ಕಳ ಎರಡು ಕೋಣೆಗಳನ್ನು ಈಗ ಹೋಂಸ್ಟೇಗೆ ಕೊಟ್ಟಿದ್ದೇವೆ. ಸಂಜೆ ಜಗಲಿಯಲ್ಲಿ ಕೂರುವ ಅತಿಥಿಗಳಿಗೆ ಊಟಕ್ಕೆ ಮುಂಚೆ ಬಾಯಾಡಿಸಲು ಏನಾದರೂ ಬೇಕು. ದಿನವೂ ಬಜ್ಜಿ, ಪಕೋಡವೇ ಆಗಿತ್ತು. ಮಗಳು ಬಂದಿದ್ದಾಗ ಸಿಹಿಯಲ್ಲದ, ಖಾರದ ಚೀಸ್ ಕೇಕ್ ಮಾಡುವ ಕ್ರಮವನ್ನು ಬರೆದುಕೊಟ್ಟು ಹೋದಳು. ಉಳಿದ ಹಾಲಿಗೆ ದಾರಿಯಾಯಿತೆಂದು ಮನೆಯವರು ಒಲೆ ಹೊತ್ತಿಸಿದರು.

ಮೊದಲ ಸಲ ಪೂರಾ ಕೆಟ್ಟಿತು. ಬೇಸಿಗೆಯ ಗದ್ದೆಯಂತೆ ಮೇಲೆಲ್ಲ ಬಿರುಕು, ಕೊಯ್ದರೆ ತಟ್ಟೆಯ ತುಂಬ ನೀರು. ಆರು ಮಂದಿ ಅತಿಥಿಗಳು ಒಂದೊಂದು ಚೂರು ಬಾಯಿಗಿಟ್ಟು ಮರ್ಯಾದೆಗೆ ತಲೆಯಾಡಿಸಿದರು. "ಬೆಟ್ಟದ ಮೇಲೆ ಭೂಕಂಪ ಆದ ಹಾಗಿದೆ" ಎಂದು ನಾನು ನಗಿಸಲು ಹೋದೆ. ಅವರು ನಗಲಿಲ್ಲ. "ಎರಡು ಲೀಟರ್ ಹಾಲು ಮಣ್ಣುಪಾಲಾಯಿತು. ನಾಳೆ ದಲ್ಲಾಳಿಗೆ ಹೇಳಿಕಳಿಸಿ" ಎಂದು ಒಳಗೆ ಹೋದರು.

ಆ ಮಾತು ನನಗೆ ನಾಟಿತು. ಮರುದಿನದಿಂದ ತಪ್ಪಿದ್ದೆಲ್ಲಿ ಎಂದು ಹುಡುಕತೊಡಗಿದೆ.

ಹಳೆಯ ರೈತನ ಪಾಠ

ಚೀಸ್ ಕೇಕ್ ಎಂದರೆ ಸಿಹಿಯೇ ಎಂಬ ಭಾವನೆ ಈಚಿನದು. ರೋಮಿನ ಕೇಟೋ (ಕ್ರಿ.ಪೂ. 234–149) ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ದ್ರಾಕ್ಷಿ, ಆಲಿವ್ ಮತ್ತು ಎತ್ತುಗಳ ಆರೈಕೆಯ ನಡುವೆ 'ಲೀಬಮ್' ಎಂಬ ನೈವೇದ್ಯದ ಗಿಣ್ಣಿನ ರೊಟ್ಟಿಯ ಕ್ರಮವೂ ಇದೆ. ಎರಡು ಪೌಂಡ್ ಗಿಣ್ಣನ್ನು ಅರೆದು, ಒಂದು ಪೌಂಡ್ ಹಿಟ್ಟು (ಮೃದುವಾಗಬೇಕಿದ್ದರೆ ಅರ್ಧ ಪೌಂಡ್ ನಯವಾದ ಹಿಟ್ಟು), ಒಂದು ಮೊಟ್ಟೆ ಸೇರಿಸಿ, ಎಲೆಗಳ ಮೇಲಿಟ್ಟು, ಮಡಕೆ ಕವುಚಿ ಬಿಸಿ ಒಲೆಯ ಮೇಲೆ ನಿಧಾನವಾಗಿ ಬೇಯಿಸಬೇಕು. ಅದರಲ್ಲಿ ಜೇನಿಲ್ಲ, ಸಿಹಿಯಿಲ್ಲ. ರೈತರ ಪುಸ್ತಕದಲ್ಲಿ ಅಡಿಗೆ ಬರೆದವರಲ್ಲಿ ನಾನು ಮೊದಲಿಗನಲ್ಲವೆಂಬ ಸಮಾಧಾನವೂ ನನಗಾಯಿತು!

ನಾವು ಮರೆತಿದ್ದು 'ನಿಧಾನವಾಗಿ' ಎಂಬ ಒಂದೇ ಮಾತನ್ನು. ಈ ಕೇಕನ್ನು ಹಿಡಿದು ನಿಲ್ಲಿಸುವುದು ಮೊಟ್ಟೆ. ನಡುಭಾಗದ ಬಿಸಿ ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದರೆ ಅದು ಹದವಾಗಿ ಗಟ್ಟಿಯಾಗುತ್ತದೆ. ಬಿಸಿ ಮಿತಿಮೀರಿದರೆ ಬಿಗಿದು, ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ತರಾತುರಿಯಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಕಣದಲ್ಲಿ ಸೀಳುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ತಪ್ಪು ನೀರಿನದು. 1870ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬಲ್ಲಿ ವಿಲಿಯಂ ಲಾರೆನ್ಸ್ ಎಂಬಾತ ತಯಾರಿಸತೊಡಗಿದ ಕ್ರೀಂ ಚೀಸ್, ಇಂದಿನ ಚೀಸ್ ಕೇಕುಗಳಿಗೆ ಆಧಾರ. ಅಲ್ಲಿನ ನಿಯಮದಂತೆ ಅದರಲ್ಲಿ ಜಿಡ್ಡು ಶೇಕಡ 33ಕ್ಕೆ ಕಡಿಮೆಯಿರಬಾರದು, ನೀರು ಶೇಕಡ 55ನ್ನು ಮೀರಬಾರದು. ನಮ್ಮ ಮೊಸರಿನಲ್ಲಿ ನೀರು ಹೆಚ್ಚು, ಜಿಡ್ಡು ಕಡಿಮೆ. ಆದ್ದರಿಂದ ನೀರನ್ನು ಚೆನ್ನಾಗಿ ಬಸಿಯಬೇಕು, ಕೆನೆಯನ್ನು ಸೇರಿಸಬೇಕು.

ಮಾಡುವ ಕ್ರಮ

1. ಒಂದೂವರೆ ಲೀಟರ್ ಹಾಲನ್ನು ಕಾಯಿಸಿ ನಿಂಬೆರಸದಿಂದ ಒಡೆಸಿ, ತೊಳೆದು, ಹಿಂಡಿ. ಸುಮಾರು 250 ಗ್ರಾಂ ಪನೀರ್ ಸಿಗುತ್ತದೆ. ಮುಕ್ಕಾಲು ಲೀಟರ್ ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತಂಪು ಜಾಗದಲ್ಲಿ ನೇತುಹಾಕಿ. ಅದರಿಂದ 250 ಗ್ರಾಂ ತೂಗಿಕೊಳ್ಳಿ. ಬಸಿದ ತಿಳಿ ಕರುವಿಗೆ ಆಗುತ್ತದೆ.

2. 100 ಗ್ರಾಂ ಸಪ್ಪೆ ರಸ್ಕಿನ ಪುಡಿಗೆ 50 ಗ್ರಾಂ ಕರಗಿದ ಬೆಣ್ಣೆ ಕಲಸಿ, ತಳ ಬಿಚ್ಚುವ 18 ಸೆಂ.ಮೀ. ಕೇಕ್ ಡಬ್ಬಿಯಲ್ಲಿ ಒತ್ತಿ, 170 ಡಿಗ್ರಿಯಲ್ಲಿ 10 ನಿಮಿಷ ಬೇಯಿಸಿ ಆರಿಸಿ.

3. ಪನೀರ್, ಮೊಸರು, 4 ಚಮಚ ಕೆನೆ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್, 1 ಚಮಚ ಉಪ್ಪು ಸೇರಿಸಿ ನುಣ್ಣಗೆ ಅರೆಯಿರಿ. ಆಮೇಲೆ 3 ಮೊಟ್ಟೆಗಳನ್ನು ಒಂದೊಂದಾಗಿ ಬೆರೆಸಿ. ನೊರೆ ಬರುವಂತೆ ಕಡೆಯಬೇಡಿ. ಗಾಳಿ ತುಂಬಿದರೆ ಉಬ್ಬಿ ಬಿರಿಯುತ್ತದೆ. ಕೊನೆಗೆ ತರಿತರಿಯಾಗಿ ಕುಟ್ಟಿದ ತೋಟದ ಕಾಳುಮೆಣಸು 1 ಚಮಚ, ಹೆಚ್ಚಿದ ಕೊತ್ತಂಬರಿ ಸೊಪ್ಪು, ಎರಡು ಹಸಿಮೆಣಸಿನಕಾಯಿ ಹಾಕಿ.

4. ಡಬ್ಬಿಯ ಹೊರಭಾಗಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಬಿಸಿನೀರಿನ ತಟ್ಟೆಯಲ್ಲಿಟ್ಟು 150 ಡಿಗ್ರಿಯಲ್ಲಿ 45ರಿಂದ 50 ನಿಮಿಷ ಬೇಯಿಸಿ. ಅಂಚು ಗಟ್ಟಿಯಾಗಿ, ನಡುಭಾಗ ಇನ್ನೂ ತುಸು ಅಲುಗುತ್ತಿರುವಾಗಲೇ ಓವನ್ ಆರಿಸಿ.

5. ಬಾಗಿಲನ್ನು ಓರೆ ಮಾಡಿ ಒಂದು ಗಂಟೆ ಒಳಗೇ ಬಿಡಿ. ಆಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬಡಿಸುವ ಅರ್ಧ ಗಂಟೆ ಮುಂಚೆ ತೆಗೆದು 16 ತೆಳು ಹೋಳು ಮಾಡಿ. ಇದು ಊಟವಲ್ಲ, ಊಟಕ್ಕೆ ಪೀಠಿಕೆ. ಹೋಳು ದೊಡ್ಡದಾದರೆ ಅನ್ನ ಉಳಿಯುತ್ತದೆ.

ಮೊಟ್ಟೆ ಮುಟ್ಟದ ಮನೆಗಳು ನಮ್ಮ ಅಡಿಕೆ ಸದಸ್ಯರಲ್ಲಿ ಬಹಳ. ಅವರು ಮೊಟ್ಟೆ ಬಿಟ್ಟು ಕಾರ್ನ್‌ಫ್ಲೋರನ್ನು 3 ದೊಡ್ಡ ಚಮಚಕ್ಕೆ ಏರಿಸಬೇಕು. ಕಾರ್ನ್‌ಫ್ಲೋರ್ ಬೇಯಲು ಮೊಟ್ಟೆಗಿಂತ ಹೆಚ್ಚು ಬಿಸಿ ಬೇಕಾದ್ದರಿಂದ ಇದಕ್ಕೆ ಇಡ್ಲಿ ಪಾತ್ರೆಯೇ ಲೇಸು. ರಸ್ಕಿನ ತಳ ಬಿಟ್ಟು, ಜಿಡ್ಡು ಸವರಿದ ತಟ್ಟೆಗೆ ಹೊಯ್ದು, ಹಬೆಯ ನೀರು ತೊಟ್ಟಿಕ್ಕದಂತೆ ಬಾಳೆಲೆ ಮುಚ್ಚಿ, ಹದ ಉರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಮೊಟ್ಟೆ ಹಾಕಿದಷ್ಟು ಬಿಗಿಯಾಗದಿದ್ದರೂ ಚೆನ್ನಾಗಿ ತಣಿದ ಮೇಲೆ ಹೋಳಾಗುತ್ತದೆ. ಓವನ್ ಇಲ್ಲದವರಿಗೂ ಇದೇ ದಾರಿ.

ಎರಡನೆಯ ಸಲ ಮನೆಯವರು ಅದನ್ನು ಅಡಿಕೆ ಹಾಳೆಯ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಚೂರಿಟ್ಟು ಜಗಲಿಗೆ ಕಳಿಸಿದರು. ತಾವು ಅಡಿಗೆಮನೆಯ ಬಾಗಿಲ ಹಿಂದೆಯೇ ನಿಂತಿದ್ದರು. ಖಾಲಿ ತಟ್ಟೆ ಹಿಂದಿರುಗಿತು. ಇನ್ನೊಂದು ಹೋಳು ಇದೆಯೇ ಎಂಬ ಪ್ರಶ್ನೆಯೂ ಅದರ ಜೊತೆಗೆ ಬಂತು. ಅವರು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹಾಲು ಕರೆಯಲು ಮಾತ್ರ ಎಂದಿಗಿಂತ ಬೇಗ ಎದ್ದರು.

ಒಂದು ಕೇಕಿನಿಂದ ಮಲೆನಾಡಿನ ಕೊಟ್ಟಿಗೆಗಳು ಉಳಿಯುತ್ತವೆಂದು ನಾನು ಹೇಳುವುದಿಲ್ಲ. ವಾರಕ್ಕೆ ಎರಡು ಸಲ ಮಾಡಿದರೂ ಐದಾರು ಲೀಟರ್ ಹಾಲು ಖರ್ಚಾದೀತು, ಅಷ್ಟೆ. ಆದರೆ ಮನೆಯ ಹಾಲಿಗೆ ಮನೆಯಲ್ಲೇ ಬೆಲೆ ಬಂದರೆ, ಹಸುವನ್ನು ಇಟ್ಟುಕೊಳ್ಳಲು ಒಂದು ಕಾರಣ ಹೆಚ್ಚಾಗುತ್ತದೆ. ಹಸುವಿದ್ದರೆ ಗೊಬ್ಬರ, ಗೊಬ್ಬರವಿದ್ದರೆ ತೋಟ. ದಲ್ಲಾಳಿಗೆ ನಾನು ಇನ್ನೂ ಹೇಳಿಕಳಿಸಿಲ್ಲ.

ಮಾಡಿ ನೋಡಿದ ಸದಸ್ಯರು, ಅದರಲ್ಲೂ ಮನೆಯ ಹೆಂಗಸರು, ತಮ್ಮ ಅನುಭವವನ್ನು ಸಂಘದ ಕಛೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ. ಬಿರುಕು ಬಿಟ್ಟಿದ್ದರೆ ಅದನ್ನೂ ಬರೆಯಿರಿ.