ಆಪರೇಷನ್ ನಂತರದ ನೋವು, ವಾಂತಿ: "ಪರವಾಗಿಲ್ಲ" ಅನ್ನಬೇಡಿ

ಊರಿನಿಂದ ಅಮ್ಮನನ್ನೋ ಅಪ್ಪನನ್ನೋ ಕರೆಸಿ ಬಾಲಿಗಂಜ್ ಕಡೆಯ ಆಸ್ಪತ್ರೆಯಲ್ಲಿ ಪಿತ್ತಕೋಶ, ಹರ್ನಿಯಾ ಅಥವಾ ಮಂಡಿಯ ಆಪರೇಷನ್ ಮಾಡಿಸುತ್ತಿದ್ದೀರಾ? ಹಾಗಾದರೆ ಇದನ್ನು ಪೂರ್ತಿ ಓದಿ.

ನರ್ಸ್ ಬಂಗಾಳಿಯಲ್ಲಿ ಕೇಳುತ್ತಾರೆ, ಅಮ್ಮ ಸುಮ್ಮನೆ ತಲೆಯಾಡಿಸುತ್ತಾರೆ. ಬೆಳಿಗ್ಗೆ ನೀವು ಹೋದಾಗ "ರಾತ್ರಿಯೆಲ್ಲ ನಿದ್ದೆಯಿಲ್ಲ" ಎನ್ನುತ್ತಾರೆ. ನೋವು ಸಹಿಸುವುದು ಇಲ್ಲಿ ಒಳ್ಳೆಯ ಗುಣವಲ್ಲ. ನೋವಿದ್ದರೆ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಎದ್ದು ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

*1. ನಾಲ್ಕು ಮಾತು ಕಲಿಸಿ*
ಬ್ಯಥಾ = ನೋವು (ನಮ್ಮ "ವ್ಯಥೆ"ಯೇ; ನಮಗೆ ಅದು ಮನಸ್ಸಿನದು, ಅವರಿಗೆ ಮೈಯದೂ ಹೌದು)
ಖೂಬ್ = ತುಂಬಾ
ಬೊಮಿ = ವಾಂತಿ
ಬೊಮಿ ಬೊಮಿ ಭಾಬ್ = ವಾಕರಿಕೆ
ಚೀಟಿಯಲ್ಲಿ ಬರೆದು ಹಾಸಿಗೆಯ ಪಕ್ಕ ಇಡಿ. ನೋವು ಎಷ್ಟೆಂದು 0ಯಿಂದ 10ರವರೆಗೆ ಬೆರಳಲ್ಲಿ ತೋರಿಸಲು ಹೇಳಿಕೊಡಿ.

*2. ಮೊದಲೇ ವೈದ್ಯರಿಗೆ ಹೇಳಿ*
ಯಾರಿಗೆ ವಾಂತಿ ಹೆಚ್ಚು ಎಂಬುದಕ್ಕೆ 1999ರಲ್ಲಿ ಅಪ್ಫೆಲ್ ಮತ್ತು ಸಂಗಡಿಗರು ಸರಳ ಲೆಕ್ಕ ಕೊಟ್ಟರು. ರೋಗಿ ಹೆಂಗಸೇ? ಧೂಮಪಾನ ಮಾಡದವರೇ? ಹಿಂದೆ ಆಪರೇಷನ್ ಆದಾಗ ಅಥವಾ ಘಾಟಿಯ ಬಸ್ಸಿನಲ್ಲಿ ವಾಂತಿಯಾಗಿತ್ತೇ? ಆಪರೇಷನ್ ನಂತರ ಮಾರ್ಫಿನ್ ಜಾತಿಯ ಔಷಧ ಕೊಡುತ್ತಾರೆಯೇ? ಒಂದೂ ಇಲ್ಲದಿದ್ದರೆ ವಾಂತಿ, ವಾಕರಿಕೆಯ ಸಾಧ್ಯತೆ ಸುಮಾರು 10%. ನಾಲ್ಕೂ ಇದ್ದರೆ ಸುಮಾರು 80%. (ಅದಕ್ಕಾಗಿ ಯಾರೂ ಸಿಗರೇಟು ಹಚ್ಚಬೇಡಿ!) ಬಸ್ಸಿನ ವಾಂತಿಯ ವಿಷಯ ಅರಿವಳಿಕೆ ವೈದ್ಯರಿಗೆ ತಿಳಿದರೆ ಮುಂಚೆಯೇ ಔಷಧ ಕೊಡುತ್ತಾರೆ.

*3. ಗಡಿಯಾರ ನೋಡಿ ಮಾತ್ರೆ ಕೊಡಿ*
ಮೊದಲ ಕೆಲವು ದಿನ, ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ ಕೊಡಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಆದರೆ ಎಚ್ಚರ: ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್. ಟ್ರಮಡಾಲ್ ಬೆರೆಸಿದ ಹಲವು ಮಾತ್ರೆಗಳಲ್ಲೂ ಅದಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ. ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಕಿಡ್ನಿ ತೊಂದರೆ ಅಥವಾ ಹೊಟ್ಟೆಹುಣ್ಣು ಇದ್ದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸ್ವಂತವಾಗಿ ಕೊಡಬೇಡಿ.

*4. ಮನೆಯಲ್ಲಿ*
ಕೆಮ್ಮುವಾಗ ಹೊಟ್ಟೆಯ ಗಾಯದ ಮೇಲೆ ದಿಂಬು ಒತ್ತಿ ಹಿಡಿಯಲಿ. ವೈದ್ಯರು ಊಟ ಶುರುಮಾಡಿ ಎಂದ ಮೇಲೆ ತೆಳು ಗಂಜಿ, ಆಮೇಲೆ ಒಣ ಮಂಡಕ್ಕಿ (ಗರಿಯಾಹಾಟ್ ಅಂಗಡಿಯಲ್ಲಿ "ಮುಡಿ" ಎನ್ನಿ), ಸ್ವಲ್ಪ ಸ್ವಲ್ಪವೇ ಕೊಡಿ. ಒಗ್ಗರಣೆಯ, ಮೀನು ಹುರಿಯುವ ವಾಸನೆಗೆ ವಾಕರಿಕೆ ಹೆಚ್ಚಬಹುದು. ಅಡುಗೆಮನೆ ಬಾಗಿಲು ಮುಚ್ಚಿ. ಟ್ರಮಡಾಲ್‌ನಿಂದ ಮಲಬದ್ಧತೆ ಆಗುತ್ತದೆ, ವಾಂತಿಯೂ ಬರಬಹುದು. ವೈದ್ಯರಿಗೆ ತಿಳಿಸಿದರೆ ಔಷಧ ಬದಲಿಸುತ್ತಾರೆ.

*5. ಕೂಡಲೇ ಆಸ್ಪತ್ರೆಗೆ*
👉 ಇಳಿಯುತ್ತಿದ್ದ ನೋವು ಮತ್ತೆ ಜೋರಾದರೆ
👉 ನೀರೂ ನಿಲ್ಲದಷ್ಟು ವಾಂತಿಯಾದರೆ
👉 ಹೊಟ್ಟೆ ಉಬ್ಬಿ ಗಾಳಿ ಹೋಗದಿದ್ದರೆ
👉 ಜ್ವರ 100.4 ಡಿಗ್ರಿ ದಾಟಿದರೆ, ಗಾಯದಲ್ಲಿ ಕೀವು ಬಂದರೆ
👉 ಒಂದು ಮೀನಖಂಡ ಊದಿ ನೋಯುತ್ತಿದ್ದರೆ
👉 ಉಸಿರು ಕಟ್ಟಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ

ರಾತ್ರಿಯಾಯಿತು, ಬೆಳಿಗ್ಗೆ ನೋಡೋಣ ಎಂದು ಕಾಯಬೇಡಿ.

ಆಪರೇಷನ್‌ಗೆ ದಿನ ಗೊತ್ತಾಗಿರುವ ಮನೆಯವರಿಗೆ ಇದನ್ನು ಕಳುಹಿಸಿ. 🙏