ಅಂಶ ವಿಶ್ಲೇಷಣೆಯೂ ಅದರ ಅರ್ಥನಿರ್ಣಯವೂ

ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರ ಮತ್ತು ವಾಣಿಜ್ಯಶಾಸ್ತ್ರಗಳಲ್ಲಿ ಸಂಶೋಧನೆ ನಡೆಸುವ ವಿದ್ಯಾರ್ಥಿಗಳು ಇಂದು ಬಹುವಾಗಿ ಅವಲಂಬಿಸುವ ಗಣಿತಸಾಧನಗಳಲ್ಲಿ ಅಂಶ ವಿಶ್ಲೇಷಣೆಯೂ ಒಂದು. ಇಂಗ್ಲಿಷಿನಲ್ಲಿ ಫ್ಯಾಕ್ಟರ್ ಅನಾಲಿಸಿಸ್ ಎಂದು ಪ್ರಸಿದ್ಧವಾದ ಪದ್ಧತಿಗೆ ಈ ಹೆಸರನ್ನು ಇಲ್ಲಿ ಬಳಸಿದ್ದೇನೆ. ಪ್ರಶ್ನಾವಳಿಯೊಂದನ್ನು ರಚಿಸಿ, ಕೆಲವು ನೂರು ಮಂದಿಯಿಂದ ಉತ್ತರಗಳನ್ನು ಪಡೆದು, ಅವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಕ್ಷಣಮಾತ್ರದಲ್ಲಿ ಫಲಿತಾಂಶವು ಕೈಸೇರುತ್ತದೆ. ‘ಐದು ಅಂಶಗಳು ದೊರೆತುವು’ ಎಂದು ಬರೆದು, ಐದಕ್ಕೂ ಹೆಸರಿಟ್ಟು, ಪ್ರಬಂಧವನ್ನು ಮುಗಿಸುವುದು ವಾಡಿಕೆಯಾಗಿದೆ. ನನ್ನ ಶಂಕೆಯೆಲ್ಲ ಈ ‘ದೊರೆತುವು’ ಎಂಬ ಮಾತಿನ ಮೇಲೆ. ನೆಲವನ್ನು ಅಗೆದಾಗ ಹಳೆಯ ನಾಣ್ಯಗಳು ದೊರೆಯುವಂತೆ ಅಂಶಗಳು ದೊರೆಯುತ್ತವೆಯೇ, ಅಥವಾ ಅವು ಸಂಶೋಧಕನು ಅಂಕಿಗಳನ್ನು ಓದುವ ಒಂದು ರೀತಿಯೇ? ಪ್ರಶ್ನೆಯು ಕೇವಲ ತಾತ್ತ್ವಿಕವೆಂದು ತೋರಬಹುದು. ಆದರೆ ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಒಂದು ತಲೆಮಾರಿನ ಮಕ್ಕಳ ವಿದ್ಯಾಭ್ಯಾಸದ ಗತಿಯು ಇದಕ್ಕೆ ಕೊಟ್ಟ ಉತ್ತರವನ್ನು ಸ್ವಲ್ಪಮಟ್ಟಿಗೆ ಆಶ್ರಯಿಸಿದ್ದಿತು.

ಈ ಪದ್ಧತಿಯ ಮೂಲಪುರುಷ ಚಾರ್ಲ್ಸ್ ಸ್ಪಿಯರ್ಮನ್. ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಈತನು ೧೮೯೭ರಲ್ಲಿ ಆ ವೃತ್ತಿಯನ್ನು ತೊರೆದು, ಲೈಪ್‌ಜಿಗ್ ನಗರದಲ್ಲಿ ವುಂಟನ ಬಳಿ ಮನಶ್ಶಾಸ್ತ್ರವನ್ನು ಅಭ್ಯಸಿಸಿದನು. ೧೯೦೪ರಲ್ಲಿ ಪ್ರಕಟವಾದ ಅವನ ಲೇಖನದಲ್ಲಿ ಒಂದು ಶಾಲೆಯ ೩೩ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಕೋಷ್ಟಕವೊಂದಿದೆ. ಪ್ರಾಚೀನ ಭಾಷೆಗಳು, ಫ್ರೆಂಚ್, ಇಂಗ್ಲಿಷ್, ಗಣಿತ, ಸ್ವರಭೇದವನ್ನು ಗುರುತಿಸುವ ಶಕ್ತಿ ಮತ್ತು ಸಂಗೀತ ಎಂಬ ಆರು ವಿಷಯಗಳು. ಇವುಗಳಲ್ಲಿ ಎರಡೆರಡನ್ನು ಜೋಡಿಸಿದರೆ ಹದಿನೈದು ಸಹಸಂಬಂಧಾಂಕಗಳಾಗುತ್ತವೆ. ಒಂದು ವಿಷಯದಲ್ಲಿ ಮುಂದಿರುವವನು ಇನ್ನೊಂದರಲ್ಲಿಯೂ ಅದೇ ಕ್ರಮದಲ್ಲಿ ಮುಂದಿದ್ದರೆ ಈ ಅಂಕವು ೧ಕ್ಕೆ ಸಮೀಪಿಸುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ೦ಗೆ ಇಳಿಯುತ್ತದೆ. ಸ್ಪಿಯರ್ಮನ್ನನ ಕೋಷ್ಟಕದಲ್ಲಿ ಎಲ್ಲ ಅಂಕಗಳೂ ಧನಾತ್ಮಕವಾಗಿದ್ದುವು. ಪ್ರಾಚೀನ ಭಾಷೆಗಳಿಗೂ ಫ್ರೆಂಚಿಗೂ ೦.೮೩, ಅತ್ಯಂತ ಕಡಿಮೆಯೆಂದರೆ ಸ್ವರಭೇದಕ್ಕೂ ಸಂಗೀತಕ್ಕೂ ೦.೪೦.

ಅವನು ಕಂಡ ವೈಚಿತ್ರ್ಯವನ್ನು ವಾಚಕರು ತಾವೇ ಲೆಕ್ಕಮಾಡಿ ನೋಡಬಹುದು. ಆರು ವಿಷಯಗಳಿಗೂ ಒಂದೊಂದು ಸಂಖ್ಯೆಯನ್ನು ಕೊಡೋಣ: ಪ್ರಾಚೀನ ಭಾಷೆಗಳಿಗೆ ೦.೯೬, ಫ್ರೆಂಚಿಗೆ ೦.೮೮, ಇಂಗ್ಲಿಷಿಗೆ ೦.೮೦, ಗಣಿತಕ್ಕೆ ೦.೭೫, ಸ್ವರಭೇದಕ್ಕೆ ೦.೬೭, ಸಂಗೀತಕ್ಕೆ ೦.೬೫. ಇವು ನಾನು ಸ್ಥೂಲವಾಗಿ ಕಟ್ಟಿಕೊಂಡ ಸಂಖ್ಯೆಗಳು. ಯಾವ ಎರಡನ್ನು ಗುಣಿಸಿದರೂ ಆ ಎರಡು ವಿಷಯಗಳ ಸಹಸಂಬಂಧಾಂಕವು ಹೆಚ್ಚುಕಡಮೆ ಬಂದುಬಿಡುತ್ತದೆ. ಪ್ರಾಚೀನ ಭಾಷೆ ಮತ್ತು ಇಂಗ್ಲಿಷುಗಳ ಗುಣಲಬ್ಧ ೦.೭೭, ಕೋಷ್ಟಕದಲ್ಲಿರುವುದು ೦.೭೮. ಫ್ರೆಂಚ್ ಮತ್ತು ಸಂಗೀತಗಳ ಗುಣಲಬ್ಧ ೦.೫೭, ಕೋಷ್ಟಕದಲ್ಲಿಯೂ ೦.೫೭. ಹೆಚ್ಚು ವ್ಯತ್ಯಾಸ ಬರುವುದು ಫ್ರೆಂಚ್ ಮತ್ತು ಸ್ವರಭೇದಗಳಲ್ಲಿ, ಗುಣಲಬ್ಧ ೦.೫೯, ಕೋಷ್ಟಕದ್ದು ೦.೬೫. ಹದಿನೈದು ಅಂಕಗಳನ್ನು ಆರೇ ಸಂಖ್ಯೆಗಳಿಂದ ಮರಳಿ ಕಟ್ಟಬಹುದಾಯಿತು. ಈ ಆರಕ್ಕೆ ಅಂಶಭಾರಗಳೆಂದು ಹೆಸರು. ಎಲ್ಲ ವಿಷಯಗಳ ಹಿಂದೆಯೂ ಒಂದೇ ಒಂದು ಸಾಮಾನ್ಯಾಂಶವಿದ್ದು, ಪ್ರತಿಯೊಂದು ವಿಷಯವೂ ಅದನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಳಸಿಕೊಳ್ಳುತ್ತದೆಂದು ಸ್ಪಿಯರ್ಮನ್ನನು ತೀರ್ಮಾನಿಸಿದನು. ಅದನ್ನು ‘ಜಿ’ ಎಂಬ ಒಂದಕ್ಷರದಿಂದ ಕರೆದು, ಮುಂದೆ ಅದೊಂದು ಮಾನಸಿಕ ಚೈತನ್ಯವೆಂದೇ ಪ್ರತಿಪಾದಿಸಿದನು.

ಪ್ರಾಸಂಗಿಕವಾಗಿ ಒಂದು ಮಾತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಈ ಸ್ಪಿಯರ್ಮನ್ನನ ಬಳಿಯೇ ಶಿಕ್ಷಣ ಪಡೆದವರು. ೧೯೩೫ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ತೆರೆದವರೆಂದೇ ಜನರು ಅವರನ್ನು ಹೆಚ್ಚಾಗಿ ಬಲ್ಲರು. ಆದರೆ ಕನ್ನಡನಾಡಿಗೆ ಅಂಶ ವಿಶ್ಲೇಷಣೆಯ ಪರಂಪರೆಯೊಡನೆ ಇಷ್ಟು ಹಿಂದಿನಿಂದಲೂ ನಂಟಿದೆಯೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿದ್ದರೆ ಒಳ್ಳೆಯದು.

ಸ್ಪಿಯರ್ಮನ್ನನ ತೀರ್ಮಾನಕ್ಕೆ ಮೊದಲ ದೊಡ್ಡ ಆಕ್ಷೇಪವನ್ನು ಎತ್ತಿದವನು ಗಾಡ್‌ಫ್ರಿ ಥಾಮ್ಸನ್. ೧೯೧೬ರಲ್ಲಿ ಇವನು ದಾಳಗಳನ್ನು ಎಸೆದು ಕೃತಕವಾದ ಪರೀಕ್ಷಾಂಕಗಳನ್ನು ತಯಾರಿಸಿದನು. ಅವುಗಳಲ್ಲಿ ಸಾಮಾನ್ಯಾಂಶವೆಂಬುದು ಇರಲೇ ಇಲ್ಲ. ಇಲ್ಲದಂತೆ ಅವನೇ ಏರ್ಪಡಿಸಿದ್ದನು. ಆದರೂ ಕೋಷ್ಟಕವು ಸ್ಪಿಯರ್ಮನ್ನನ ಕೋಷ್ಟಕದ ರೂಪವನ್ನೇ ತಾಳಿತು. ಇದರ ಮರ್ಮವನ್ನು ಒಂದು ಸರಳವಾದ ಉದಾಹರಣೆಯಿಂದ ತಿಳಿಯಬಹುದು. ಮನಸ್ಸಿನಲ್ಲಿ ಒಂದರೊಡನೊಂದು ಸಂಬಂಧವಿಲ್ಲದ ನೂರು ಸೂಕ್ಷ್ಮ ತಂತುಗಳಿವೆಯೆಂದು ಭಾವಿಸೋಣ. ಒಂದು ಪರೀಕ್ಷೆಯು ಅವುಗಳಲ್ಲಿ ೮೦ನ್ನು, ಇನ್ನೊಂದು ೬೦ನ್ನು, ಮೂರನೆಯದು ೪೦ನ್ನು ಯಾದೃಚ್ಛಿಕವಾಗಿ ಬಳಸಿಕೊಳ್ಳುತ್ತವೆ. ಮೊದಲೆರಡಕ್ಕೆ ಸಮಾನವಾಗಿ ಬರುವ ತಂತುಗಳು ಸರಾಸರಿ ೪೮. ಇದನ್ನು ೮೦ ಮತ್ತು ೬೦ರ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿದರೆ ಸಹಸಂಬಂಧಾಂಕ ೦.೬೯ ಆಗುತ್ತದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ೦.೫೭. ಈಗ ಮೂರು ಪರೀಕ್ಷೆಗಳಿಗೂ ೦.೮೯, ೦.೭೭, ೦.೬೩ ಎಂಬ ಅಂಶಭಾರಗಳನ್ನು ಕೊಟ್ಟು ಗುಣಿಸಿ ನೋಡಿದರೆ ಎರಡನೆಯ ದಶಮಾಂಶದ ಅಲ್ಪ ವ್ಯತ್ಯಾಸವನ್ನು ಬಿಟ್ಟು ಅವೇ ಅಂಕಗಳು ಬರುತ್ತವೆ! ಎಷ್ಟು ಪರೀಕ್ಷೆಗಳನ್ನು ಸೇರಿಸಿದರೂ ಈ ಅಂದವು ಕೆಡುವುದಿಲ್ಲ. ಎಲ್ಲ ಪರೀಕ್ಷೆಗಳಲ್ಲಿಯೂ ಪಾಲುಗೊಳ್ಳುವ ತಂತು ಒಂದಾದರೂ ಇರಬೇಕಾದ ಆವಶ್ಯಕತೆಯೂ ಇಲ್ಲ. ಒಂದೇ ಚೈತನ್ಯವೆಂದು ಒಬ್ಬನು ಓದಿದುದನ್ನು ಅಸಂಖ್ಯ ತಂತುಗಳ ಅತಿಕ್ರಮಣವೆಂದು ಇನ್ನೊಬ್ಬನು ಓದಬಹುದು. ಕೋಷ್ಟಕವು ಇಬ್ಬರಿಗೂ ಸಮಾನವಾಗಿ ಸಾಕ್ಷಿ ಹೇಳುತ್ತದೆ.

ಎರಡನೆಯ ತೊಡಕು ಇದಕ್ಕಿಂತಲೂ ಸೂಕ್ಷ್ಮವಾದುದು. ಷಿಕಾಗೋ ವಿಶ್ವವಿದ್ಯಾನಿಲಯದ ಲೂಯಿ ಥರ್ಸ್ಟನ್ನನು ೨೪೦ ವಿದ್ಯಾರ್ಥಿಗಳಿಗೆ ೫೬ ಪರೀಕ್ಷೆಗಳನ್ನು ಕೊಟ್ಟು, ೧೯೩೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬುದ್ಧಿಯು ಒಂದಲ್ಲ. ಭಾಷಾಗ್ರಹಣ, ಪದಪ್ರವಾಹ, ಸಂಖ್ಯೆ, ಅವಕಾಶಕಲ್ಪನೆ, ಸ್ಮರಣೆ, ಗ್ರಹಣವೇಗ, ತರ್ಕ ಮೊದಲಾದ ಮೂಲಶಕ್ತಿಗಳ ಸಮುದಾಯವೆಂದು ಸಾರಿದನು. ಆತನ ಅಂಕಿಗಳು ಸ್ಪಿಯರ್ಮನ್ನನ ಅಂಕಿಗಳಿಗೆ ವಿರುದ್ಧವಾಗಿದ್ದುವೇ? ಅಷ್ಟಾಗಿ ಇರಲಿಲ್ಲ. ವ್ಯತ್ಯಾಸವಿದ್ದುದು ಅಕ್ಷಗಳನ್ನು ನಿಲ್ಲಿಸಿದ ದಿಕ್ಕಿನಲ್ಲಿ. ನಾಲ್ಕು ಪರೀಕ್ಷೆಗಳನ್ನು ಊಹಿಸಿಕೊಳ್ಳೋಣ, ಎರಡು ಭಾಷೆಗೆ, ಎರಡು ಲೆಕ್ಕಕ್ಕೆ. ಎಲ್ಲಕ್ಕೂ ಮೊದಲನೆಯ ಅಂಶದ ಮೇಲೆ ೦.೭೦ ಭಾರ, ಎರಡನೆಯ ಅಂಶದ ಮೇಲೆ ಭಾಷೆಯವಕ್ಕೆ +೦.೪೦, ಲೆಕ್ಕದವಕ್ಕೆ -೦.೪೦. ಇದನ್ನು ಓದುವವನು ‘ಸಾಮಾನ್ಯ ಬುದ್ಧಿಯೊಂದಿದೆ, ಜೊತೆಗೆ ಭಾಷೆಯ ಕಡೆಗೋ ಲೆಕ್ಕದ ಕಡೆಗೋ ಒಲವೊಂದಿದೆ’ ಎನ್ನುತ್ತಾನೆ. ಈಗ ಎರಡು ಅಕ್ಷಗಳನ್ನೂ ೪೫ ಅಂಶಕೋನದಷ್ಟು ತಿರುಗಿಸಿದರೆ ಭಾಷಾಪರೀಕ್ಷೆಗಳ ಭಾರಗಳು ೦.೭೮ ಮತ್ತು ೦.೨೧, ಲೆಕ್ಕದ ಪರೀಕ್ಷೆಗಳವು ೦.೨೧ ಮತ್ತು ೦.೭೮ ಆಗುತ್ತವೆ. ಸಾಮಾನ್ಯ ಬುದ್ಧಿಯು ಮಾಯವಾಗಿ, ಭಾಷಾಶಕ್ತಿ, ಸಂಖ್ಯಾಶಕ್ತಿ ಎಂಬ ಎರಡು ಬೇರೆ ಬೇರೆ ಶಕ್ತಿಗಳು ಎದ್ದುನಿಲ್ಲುತ್ತವೆ. ಎರಡು ಓದುಗಳಿಂದಲೂ ಬರುವ ಸಹಸಂಬಂಧಾಂಕಗಳು ಒಂದೇ: ಭಾಷೆಯ ಎರಡು ಪರೀಕ್ಷೆಗಳ ನಡುವೆ ೦.೬೫, ಭಾಷೆಗೂ ಲೆಕ್ಕಕ್ಕೂ ೦.೩೩. ಯಾವ ಅಂಕಿಯೂ ಬದಲಾಗಲಿಲ್ಲ, ಮಾನವನ ಮನಸ್ಸಿನ ವರ್ಣನೆ ಬದಲಾಯಿತು. ಭಾರಗಳು ಆದಷ್ಟು ಒಂದೊಂದೇ ಅಂಶದ ಮೇಲೆ ಬೀಳುವಂತೆ ಅಕ್ಷಗಳನ್ನು ತಿರುಗಿಸಬೇಕೆಂಬುದು ಥರ್ಸ್ಟನ್ನನ ನಿಯಮ. ಅದು ಉಪಯುಕ್ತವಾದ ನಿಯಮವೇ ಸರಿ. ಆದರೆ ನಿಯಮವನ್ನು ಮಾಡಿದವನು ಸಂಶೋಧಕ, ನಿಸರ್ಗವಲ್ಲ. ಮೂಲಶಕ್ತಿಗಳು ತಮ್ಮತಮ್ಮಲ್ಲಿಯೇ ಸಹಸಂಬಂಧ ಹೊಂದಿರಬಹುದೆಂದು ಥರ್ಸ್ಟನ್ನನೂ ೧೯೪೧ರಲ್ಲಿ ಒಪ್ಪಿ, ಅವುಗಳ ಮೇಲೆ ಒಂದು ಸಾಮಾನ್ಯಾಂಶಕ್ಕೆ ಎಡೆಮಾಡಿಕೊಟ್ಟನು.

ವಾದವು ವಿದ್ವಾಂಸರ ನಡುವೆಯೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ೧೯೩೮ರ ಸ್ಪೆನ್ಸ್ ಸಮಿತಿಯ ವರದಿಯು, ಬಾಲ್ಯದಲ್ಲಿ ಬುದ್ಧಿಯ ಬೆಳವಣಿಗೆಯನ್ನು ಒಂದೇ ಕೇಂದ್ರಾಂಶವು ನಿಯಂತ್ರಿಸುವಂತೆ ಕಾಣುತ್ತದೆಂಬ ಅಭಿಪ್ರಾಯವನ್ನು ಅಂಗೀಕರಿಸಿತು. ೧೯೪೪ರ ಶಿಕ್ಷಣ ಶಾಸನದ ತರುವಾಯ ಇಂಗ್ಲೆಂಡಿನ ಹೆಚ್ಚಿನ ಭಾಗಗಳಲ್ಲಿ ಹನ್ನೊಂದನೆಯ ವಯಸ್ಸಿನ ಒಂದು ಪರೀಕ್ಷೆಯಿಂದ ಮಕ್ಕಳನ್ನು ಗ್ರಾಮರ್ ಶಾಲೆಗೋ ಮಾಡರ್ನ್ ಶಾಲೆಗೋ ಕಳುಹಿಸುವ ಪದ್ಧತಿ ಬೇರೂರಿತು. ಮಾಡರ್ನ್ ಶಾಲೆಗೆ ಹೋದ ಮಗುವಿಗೆ ವಿಶ್ವವಿದ್ಯಾನಿಲಯದ ಬಾಗಿಲು ಬಹುಪಾಲು ಮುಚ್ಚಿದಂತೆಯೇ. ಬುದ್ಧಿಯು ಜನ್ಮಜಾತವೆಂದು ಬಲವಾಗಿ ನಂಬಿದ್ದ ಸಿರಿಲ್ ಬರ್ಟನ ಪ್ರಭಾವವು ಇಂಥ ವರದಿಗಳ ಮೇಲೆ ಸಾಕಷ್ಟು ಇದ್ದಿತು. ವಿಚಿತ್ರವೆಂದರೆ, ಅಂಶಗಳನ್ನು ವಸ್ತುಗಳೆಂದು ಭ್ರಮಿಸಬಾರದೆಂಬ ಎಚ್ಚರಿಕೆಯನ್ನು ಅದೇ ಬರ್ಟನು ೧೯೪೦ರ ತನ್ನ ಗ್ರಂಥದಲ್ಲಿ ಕೊಟ್ಟಿದ್ದಾನೆ.

ಇನ್ನೂ ವಿಚಿತ್ರವೆಂದರೆ ಥಾಮ್ಸನ್ನನ ಪಾತ್ರ. ಸಾಮಾನ್ಯಾಂಶವನ್ನು ದಾಳಗಳಿಂದ ಅಲುಗಿಸಿದ ಇವನೇ ಎಡಿನ್‌ಬರೋದಲ್ಲಿ ಮೋರೆ ಹೌಸ್ ಪರೀಕ್ಷೆಗಳನ್ನು ರಚಿಸಿದನು. ಹನ್ನೊಂದರ ಆಯ್ಕೆಯಲ್ಲಿ ಬಹಳವಾಗಿ ಬಳಕೆಯಾದುವು ಅವೇ. ಇದನ್ನು ಕಪಟವೆನ್ನುವುದು ಅನ್ಯಾಯ. ೧೯೨೧ರಲ್ಲಿ ನಾರ್ತಂಬರ್ಲೆಂಡ್ ಪ್ರಾಂತದಲ್ಲಿ, ವಿದ್ಯಾರ್ಥಿವೇತನಕ್ಕೆ ಒಬ್ಬ ಅಭ್ಯರ್ಥಿಯನ್ನೂ ಕಳುಹಿಸದಿದ್ದ ಹಳ್ಳಿಗಾಡಿನ ಶಾಲೆಗಳಲ್ಲಿ ಅಡಗಿದ್ದ ಪ್ರತಿಭೆಯನ್ನು ಹುಡುಕಲೆಂದೇ ಅವನು ಪರೀಕ್ಷೆಗಳನ್ನು ಮೊದಲಿಗೆ ಸಿದ್ಧಪಡಿಸಿದ್ದನು. ಪರೀಕ್ಷೆಯು ಈ ವರ್ಷ ಯಾರು ಮುಂದಿದ್ದಾರೆಂದು ಹೇಳಬಲ್ಲುದು. ಅದಕ್ಕೆ ಸಾಮಾನ್ಯಾಂಶವೊಂದು ತಲೆಯೊಳಗೆ ಇರಲೇಬೇಕಾಗಿಲ್ಲ. ಆದರೆ ಮಗುವಿನೊಳಗೆ ಬದಲಾಗದ ಒಂದು ಮೊತ್ತವಿದೆ, ಅದನ್ನು ಹನ್ನೊಂದರಲ್ಲಿಯೇ ಅಳೆದು ಮುಗಿಸಬಹುದು ಎಂಬ ಮಾತು ಯಾವ ಸಹಸಂಬಂಧ ಕೋಷ್ಟಕದಿಂದಲೂ ಹೊರಡುವುದಿಲ್ಲ. ೧೯೬೫ರಲ್ಲಿ ಸರ್ಕಾರವು ಈ ವಿಂಗಡಣೆಯನ್ನು ಕೈಬಿಡಲು ಸ್ಥಳೀಯ ಸಂಸ್ಥೆಗಳಿಗೆ ಸುತ್ತೋಲೆ ಕಳುಹಿಸಿತು. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್ ಮೊದಲಾದ ಕೆಲವೆಡೆ ಅದು ಇಂದಿಗೂ ಉಳಿದಿದೆ.

ವಾಣಿಜ್ಯ ಸಂಶೋಧನೆಯಲ್ಲಿ ಪಣವು ಇಷ್ಟು ದೊಡ್ಡದಲ್ಲವಾದರೂ ತಪ್ಪಿನ ಬಗೆ ಅದೇ. ಪರಶುರಾಮನ್, ಝೈಥಮಲ್ ಮತ್ತು ಬೆರಿ ಎಂಬ ಮೂವರು ೧೯೮೮ರಲ್ಲಿ ಸೇವೆಯ ಗುಣಮಟ್ಟವನ್ನು ಅಳೆಯುವ ‘ಸರ್ವ್‌ಕ್ವಾಲ್’ ಎಂಬ ಮಾಪನವನ್ನು ಪ್ರಕಟಿಸಿದರು. ಮೊದಲು ೧೦ ಮುಖಗಳನ್ನು ಕಲ್ಪಿಸಿ, ೯೭ ವಾಕ್ಯಗಳಿಂದ ಆರಂಭಿಸಿ, ಅಂಶ ವಿಶ್ಲೇಷಣೆಯ ನೆರವಿನಿಂದ ೨೨ ವಾಕ್ಯಗಳಿಗೂ ೫ ಮುಖಗಳಿಗೂ ಅವರು ಬಂದು ನಿಂತರು. ನಮ್ಮ ವಾಣಿಜ್ಯ ವಿದ್ಯಾರ್ಥಿಗಳಲ್ಲಿ ಬ್ಯಾಂಕಿನ ಗ್ರಾಹಕರನ್ನು ಕುರಿತು ಬರೆಯುವವರೆಲ್ಲರೂ ಈ ಐದನ್ನು ಬಲ್ಲರು. ಮೂಲದ ವಾಕ್ಯಗಳಲ್ಲಿ ಒಂಬತ್ತು ನಿಷೇಧರೂಪದಲ್ಲಿದ್ದುವು. ಮತ್ತು ಆ ಒಂಬತ್ತೂ ಸ್ಪಂದನಶೀಲತೆ, ಸಹಾನುಭೂತಿ ಎಂಬ ಎರಡೇ ಮುಖಗಳಿಗೆ ಸೇರಿದ್ದುವು. ಆದಕಾರಣ ಈ ಎರಡು ಮುಖಗಳ ವಾಕ್ಯಗಳು ಉಳಿದವುಗಳಿಂದ ಬೇರೆಯಾಗಿ ನಿಂತರೆ, ಅದಕ್ಕೆ ಕಾರಣ ಗ್ರಾಹಕನ ಮನಸ್ಸೋ ವಾಕ್ಯದ ವ್ಯಾಕರಣವೋ ಎಂದು ಹೇಳುವ ಬಗೆ ಯಾವುದು? ಕರ್ತೃಗಳೇ ೧೯೯೧ರ ಪರಿಷ್ಕರಣದಲ್ಲಿ ಎಲ್ಲ ವಾಕ್ಯಗಳನ್ನೂ ವಿಧಿರೂಪಕ್ಕೆ ತಿರುಗಿಸಿದರು. ಬೇರೆ ಬೇರೆ ಸೇವೆಗಳಲ್ಲಿ ಈ ಮಾಪನವನ್ನು ಪ್ರಯೋಗಿಸಿದವರಿಗೆ ಐದೇ ಅಂಶಗಳು ಬರಲಿಲ್ಲ. ಕ್ರೋನಿನ್ ಮತ್ತು ಟೇಲರ್ ೧೯೯೨ರಲ್ಲಿ ಇದನ್ನು ಒಂದೇ ಅಂಶವೆಂದು ಎಣಿಸಿದರು.

ಅಂಶಗಳ ಸಂಖ್ಯೆಯನ್ನು ನಿರ್ಧರಿಸುವ ಬಗೆಯನ್ನು ಕುರಿತು ಎರಡು ಮಾತು. ಹೂವಿನ ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಅಂಶ ವಿಶ್ಲೇಷಣೆಯಲ್ಲಿ ಸಾರ್ಥಕತೆಯ ಪರೀಕ್ಷೆಗಳನ್ನು ಕುರಿತು ೧೯೫೫ರಲ್ಲಿಯೇ ಬರೆದಿದ್ದರು. ಆದರೆ ಬಳಕೆಯಲ್ಲಿ ಗೆದ್ದುದು ಕೈಸರನು ೧೯೬೦ರಲ್ಲಿ ಹೇಳಿದ ಸುಲಭಸೂತ್ರ: ಐಗೆನ್ ಮೌಲ್ಯವು ೧ಕ್ಕಿಂತ ಹೆಚ್ಚಿರುವಷ್ಟು ಅಂಶಗಳು. ಎಸ್‌ಪಿಎಸ್‌ಎಸ್ ತಂತ್ರಾಂಶವು ಬೇರೇನೂ ಹೇಳದಿದ್ದರೆ ಇದನ್ನೇ ಅನುಸರಿಸುತ್ತದೆ; ಅಲ್ಲದೆ ಅಂಶ ವಿಶ್ಲೇಷಣೆಗೆ ಬದಲಾಗಿ ಪ್ರಧಾನ ಘಟಕಗಳ ವಿಶ್ಲೇಷಣೆಯನ್ನು ಮಾಡಿಕೊಡುತ್ತದೆ. ಅದರಲ್ಲಿ ಪ್ರತಿಯೊಂದು ಪ್ರಶ್ನೆಯ ಸ್ವಂತ ವೈಲಕ್ಷಣ್ಯ ಮತ್ತು ಅಳತೆಯ ದೋಷಗಳೂ ಸೇರಿಕೊಂಡು ಭಾರಗಳು ಉಬ್ಬಿ ಕಾಣುತ್ತವೆ. ಅರ್ಥವಿಲ್ಲದ ಯಾದೃಚ್ಛಿಕ ಅಂಕಿಗಳನ್ನು ೨೨ ಸ್ತಂಭಗಳಲ್ಲಿ ತುಂಬಿ ಕೊಟ್ಟರೂ ಸುಮಾರು ಅರ್ಧದಷ್ಟು ಐಗೆನ್ ಮೌಲ್ಯಗಳು ೧ನ್ನು ಮೀರುತ್ತವೆಂಬುದನ್ನು ವಿದ್ಯಾರ್ಥಿಗಳು ಒಮ್ಮೆ ಕೈಯಾರೆ ಮಾಡಿ ನೋಡಬೇಕು. ೧೯೬೫ರಲ್ಲಿ ಹಾರ್ನ್ ಸೂಚಿಸಿದ ಸಮಾಂತರ ವಿಶ್ಲೇಷಣೆಯು ಮಾಡುವುದು ಇದನ್ನೇ: ನಮ್ಮ ಅಂಕಿಗಳ ಐಗೆನ್ ಮೌಲ್ಯಗಳನ್ನು ಯಾದೃಚ್ಛಿಕ ಅಂಕಿಗಳವುಗಳೊಡನೆ ಹೋಲಿಸಿ, ಅವನ್ನು ಮೀರಿದವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಲೆಕ್ಕವು ಈಗ ಕೆಲವು ಕ್ಷಣಗಳ ಕೆಲಸವಾದುದರಿಂದ ಇದನ್ನು ಬಿಡಲು ಯಾವ ನೆಪವೂ ಇಲ್ಲ.

ಕನ್ನಡಕ್ಕೆ ಅನುವಾದವಾದ ಪ್ರಶ್ನಾವಳಿಗಳಲ್ಲಿ ನಿಷೇಧರೂಪದ ತೊಡಕು ಇಮ್ಮಡಿಯಾಗುತ್ತದೆ. ‘ಇಲ್ಲಿಯ ಗುಮಾಸ್ತರು ಸಕಾಲಕ್ಕೆ ಉತ್ತರ ಕೊಡುವುದಿಲ್ಲ’ ಎಂಬ ವಾಕ್ಯವನ್ನು ಓದಿ ಹೇಳಿದಾಗ ಒಪ್ಪುವವನು ‘ಹೌದು’ ಎಂದಾನು. ‘ಇಲ್ಲ’ ಎಂದರೂ ನಮ್ಮ ಮಾತಿನಲ್ಲಿ ಅದು ಒಪ್ಪಿಗೆಯೇ, ‘ಇಲ್ಲ, ಕೊಡುವುದಿಲ್ಲ’ ಎಂದು ಅದರ ಅರ್ಥ. ಉತ್ತರವನ್ನು ಬರೆದುಕೊಳ್ಳುವವನು ಅದನ್ನು ‘ಒಪ್ಪುವುದಿಲ್ಲ’ ಎಂಬ ಮನೆಯಲ್ಲಿ ಗುರುತುಹಾಕಿದರೆ, ಅಂಥ ವಾಕ್ಯಗಳೆಲ್ಲ ಕೂಡಿ ತಮ್ಮದೇ ಒಂದು ಅಂಶವಾಗಿ ನಿಲ್ಲುತ್ತವೆ. ಆ ಅಂಶಕ್ಕೆ ‘ಗ್ರಾಹಕರ ಅಸಮಾಧಾನ’ ಎಂದು ಹೆಸರಿಡುವ ಮೊದಲು, ಹತ್ತು ಹದಿನೈದು ಮಂದಿಯನ್ನು ಮತ್ತೆ ಕಂಡು, ಅವರು ಹೇಳಿದ ‘ಇಲ್ಲ’ಕ್ಕೆ ಅರ್ಥವೇನೆಂದು ಕೇಳಿಕೊಂಡು ಬರತಕ್ಕದ್ದು.