ಬಲ ಎಷ್ಟು ಎಂದರೆ ಸಾಲದು, ಎಲ್ಲಿ?

ಹೆದ್ದಾರಿಯ ಬದಿಯಲ್ಲಿ ಲಾರಿಯೊಂದು ಪಂಕ್ಚರ್ ಆಗಿ ನಿಂತಿದೆ. ಚಕ್ರದ ನಟ್ಟು ತುಕ್ಕು ಹಿಡಿದು ಕುಳಿತಿದೆ. ಕ್ಲೀನರ್ ಹುಡುಗ ಸ್ಪ್ಯಾನರ್ ಹಾಕಿ ಜಗ್ಗಿದ್ದಾಯಿತು, ಅದರ ಹಿಡಿಯ ಮೇಲೆ ಹತ್ತಿ ನಿಂತದ್ದೂ ಆಯಿತು. ಜಪ್ಪಯ್ಯ ಎಂದರೂ ನಟ್ಟು ಅಲುಗುವುದಿಲ್ಲ. ಕೊನೆಗೆ ಡ್ರೈವರ್ ಸೀಟಿನ ಹಿಂದಿನಿಂದ ಉದ್ದನೆಯ ಕಬ್ಬಿಣದ ಪೈಪೊಂದನ್ನು ಎಳೆದು ತರುತ್ತಾನೆ. ಅದನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿ, ಪೈಪಿನ ತುದಿಯ ಮೇಲೆ ನಿಲ್ಲುವಂತೆ ಹುಡುಗನಿಗೆ ಹೇಳುತ್ತಾನೆ. ‘ಕಿರ್ರ್’ ಎಂಬ ಸದ್ದಿನೊಂದಿಗೆ ನಟ್ಟು ಸಡಿಲವಾಗುತ್ತದೆ. ಹುಡುಗನ ತೂಕ ಒಂದು ನಿಮಿಷದ ಹಿಂದೆ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಹಾಗಾದರೆ ಹೆಚ್ಚಾದದ್ದು ಏನು?

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ವಿದ್ಯಾರ್ಥಿಗಳು ಅತಿ ಹೆಚ್ಚು ತಡವರಿಸುವ ಪಾಠಗಳಲ್ಲಿ ಭ್ರಮಣ ಚಲನೆ, ಅಂದರೆ ತಿರುಗುವ ವಸ್ತುಗಳ ಚಲನೆಯೂ ಒಂದು. ಹತ್ತನೆಯ ತರಗತಿಯವರೆಗೆ ಬಲ, ರಾಶಿ, ವೇಗ ಎಂದು ಪರಿಚಿತ ಶಬ್ದಗಳೊಂದಿಗೆ ಸಾಗಿ ಬಂದವರ ಎದುರು ಒಮ್ಮೆಲೇ ಟೌ, ಒಮೇಗ, ಆಲ್ಫಾ ಎಂಬ ಗ್ರೀಕ್ ಅಕ್ಷರಗಳು ಬಂದು ನಿಲ್ಲುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗಂತೂ ಪಾಠದ ಜೊತೆಗೆ ಭಾಷೆಯೂ ಹೊಸದು. ಹಲವರು ಸೂತ್ರಗಳ ಪಟ್ಟಿಯನ್ನು ಉರು ಹೊಡೆಯುತ್ತಾರೆ. ಕೆಲವರು ಈ ಪಾಠವನ್ನು ಚಾಯ್ಸ್‌ನಲ್ಲಿ ಬಿಟ್ಟರಾಯಿತು ಎಂದು ಲೆಕ್ಕ ಹಾಕುತ್ತಾರೆ. ತಾಯ್ತಂದೆಯರು ಟ್ಯೂಷನ್ ಹುಡುಕುತ್ತಾರೆ. ವಾಸ್ತವದಲ್ಲಿ ಈ ಪಾಠದಲ್ಲಿ ಹೊಸದಾಗಿ ಸೇರುವುದು ಒಂದೇ ಪ್ರಶ್ನೆ. ಈವರೆಗೆ ‘ಎಷ್ಟು?’ ಎಂದು ಕೇಳಿದರೆ ಸಾಕಾಗಿತ್ತು. ಇನ್ನು ಮುಂದೆ ‘ಎಲ್ಲಿ?’ ಎಂದೂ ಕೇಳಬೇಕು.

ಲಾರಿಯ ನಟ್ಟನ್ನೇ ತೆಗೆದುಕೊಳ್ಳೋಣ. ಹುಡುಗನ ತೂಕ 50 ಕಿಲೋಗ್ರಾಂ ಎಂದರೆ ಅವನು ಕೆಳಮುಖವಾಗಿ ಹಾಕುವ ಬಲ ಸುಮಾರು 500 ನ್ಯೂಟನ್. ಸ್ಪ್ಯಾನರಿನ ಉದ್ದ 40 ಸೆಂಟಿಮೀಟರ್ ಇದ್ದರೆ, ಬಲವನ್ನು ದೂರದಿಂದ ಗುಣಿಸಿದಾಗ ಬರುವುದು 200 ನ್ಯೂಟನ್-ಮೀಟರ್. ಪೈಪು ಸೇರಿ ಉದ್ದ ಒಂದು ಮೀಟರ್ ಆದಾಗ ಅದೇ ಹುಡುಗ 500 ನ್ಯೂಟನ್-ಮೀಟರ್ ಒದಗಿಸುತ್ತಾನೆ. ಈ ಗುಣಲಬ್ಧಕ್ಕೇ ಟಾರ್ಕ್ ಎಂದು ಹೆಸರು. ತಿರುಚು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಶಬ್ದವನ್ನು ಭೌತಶಾಸ್ತ್ರಕ್ಕೆ ತಂದವನು ಜೇಮ್ಸ್ ಥಾಮ್ಸನ್ ಎಂಬ ಎಂಜಿನಿಯರ್, 1884ರಲ್ಲಿ. ಈತ ಪ್ರಸಿದ್ಧ ವಿಜ್ಞಾನಿ ಲಾರ್ಡ್ ಕೆಲ್ವಿನ್‌ನ ಅಣ್ಣ. ಹೆಸರು ಇತ್ತೀಚಿನದಾದರೂ ವಿಚಾರ ಬಹಳ ಹಳೆಯದು. ಸನ್ನೆಯ ಎರಡು ಕಡೆಗಳಲ್ಲಿ ಭಾರ ಮತ್ತು ದೂರದ ಗುಣಲಬ್ಧ ಸಮನಾದಾಗ ಸನ್ನೆ ಸಮತೋಲದಲ್ಲಿರುತ್ತದೆ ಎಂಬುದನ್ನು ಆರ್ಕಿಮಿಡೀಸ್ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಸಾಧಿಸಿ ತೋರಿಸಿದ್ದ.

ಆರ್ಕಿಮಿಡೀಸ್‌ನ ಹೆಸರು ಕೇಳದ ನಮ್ಮ ರೈತರಿಗೂ ಇದು ಗೊತ್ತಿತ್ತು. ಹಿಂದೆ ತೋಟಗಳಿಗೆ ನೀರೆತ್ತಲು ಏತ ಬಳಸುತ್ತಿದ್ದರು. ಕಂಬದ ಮೇಲೆ ಅಡ್ಡಲಾಗಿ ಕೂರಿಸಿದ ಉದ್ದನೆಯ ಮರ. ಅದರ ಒಂದು ತುದಿಯಿಂದ ನೀರಿನ ಪಾತ್ರೆ ಬಾವಿಗೆ ಇಳಿಬಿದ್ದಿರುತ್ತದೆ. ಕೆಲವು ಏತಗಳಲ್ಲಿ ಆಳೊಬ್ಬ ಆ ಮರದ ಮೇಲೆಯೇ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದ. ಬಾವಿಯ ಕಡೆಗೆ ನಡೆದರೆ ಪಾತ್ರೆ ಕೆಳಗೆ, ಈಚೆ ಕಡೆಗೆ ನಡೆದರೆ ತುಂಬಿದ ಪಾತ್ರೆ ಮೇಲೆ. ಆಳಿನ ತೂಕ ಬದಲಾಗುವುದಿಲ್ಲ. ಆತ ನಿಂತ ಜಾಗ ಬದಲಾಗುತ್ತದೆ, ಅಷ್ಟೇ. ಟಾರ್ಕ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. ಆದರೆ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬಾಗಿಲಿನ ಚಿತ್ರ. ಅದೂ ಕೆಟ್ಟದ್ದೇನಲ್ಲ. ಅಪ್ಪ ಕೀಲಿನಿಂದ 10 ಸೆಂಟಿಮೀಟರ್ ದೂರದಲ್ಲಿ ಬಾಗಿಲನ್ನು ಒಂದು ಕಡೆಯಿಂದ ತಳ್ಳಲಿ. ಎರಡನೆಯ ತರಗತಿಯ ಮಗಳು 80 ಸೆಂಟಿಮೀಟರ್ ದೂರದಲ್ಲಿ, ಇನ್ನೊಂದು ಕಡೆಯಿಂದ ತಡೆಯಲಿ. ಅಪ್ಪನ ಬಲದ ಎಂಟನೆಯ ಒಂದು ಭಾಗ ಇದ್ದರೂ ಮಗಳು ಸೋಲುವುದಿಲ್ಲ.

ದೂರದ ಜೊತೆಗೆ ದಿಕ್ಕೂ ಮುಖ್ಯ. ಸೈಕಲ್ ಕಲಿಯುವವರಿಗೆ ಇದು ಕಾಲಿಗೇ ಗೊತ್ತಾಗುತ್ತದೆ. ಪೆಡಲ್ ನೇರ ಮೇಲಿರುವಾಗ ಅದರ ಮೇಲೆ ಎಷ್ಟೇ ಭಾರ ಹಾಕಿ ನಿಂತರೂ ಸೈಕಲ್ ಮುಂದೆ ಹೋಗುವುದಿಲ್ಲ, ಏಕೆಂದರೆ ಬಲ ನೇರವಾಗಿ ಅಕ್ಷದ ಮೂಲಕವೇ ಹಾದು ಹೋಗುತ್ತದೆ. ಪೆಡಲ್ ಮುಂದಕ್ಕೆ ಬಂದು ನೆಲಕ್ಕೆ ಸಮಾಂತರವಾದಾಗ, 17 ಸೆಂಟಿಮೀಟರ್ ಉದ್ದದ ಪೆಡಲ್ ಕಡ್ಡಿಯ ತುದಿಯಲ್ಲಿ 500 ನ್ಯೂಟನ್ ಬಲ 85 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ. ನಡುವೆ 45 ಡಿಗ್ರಿಯಲ್ಲಿ ಸಿಗುವುದು ಸುಮಾರು 60. ಸೂತ್ರದಲ್ಲಿ ಬರುವ ‘ಸೈನ್ ಥೀಟಾ’ ಎಂದರೆ ಇಷ್ಟೇ. ಒಳಪೆಡಲು ಹೊಡೆದು ಸೈಕಲ್ ಕಲಿತ ತಂದೆ ಈ ಭಾಗವನ್ನು ಮಗನಿಗೆ ಧೈರ್ಯವಾಗಿ ಹೇಳಿಕೊಡಬಹುದು.

ಇಲ್ಲಿ ಜಾಣ ವಿದ್ಯಾರ್ಥಿ ಒಂದು ಪ್ರಶ್ನೆ ಎತ್ತುತ್ತಾನೆ. ಉದ್ದದ ಪೈಪು ಹಾಕಿದರೆ ಕಡಿಮೆ ಬಲ ಸಾಕು ಎಂದಾದರೆ, ಶಕ್ತಿ ಪುಕ್ಕಟೆ ಸಿಕ್ಕಿತೇ? ಇಲ್ಲ. ಬೀಸುವ ಕಲ್ಲಿನ ಗೂಟವನ್ನು ನೋಡಿ. ಅದನ್ನು ಅಂಚಿನಲ್ಲಿ ಹೂಡಿರುತ್ತಾರೆ. ಅರ್ಧ ದೂರಕ್ಕೆ ಹೂಡಿದರೆ ಎರಡು ಪಟ್ಟು ಬಲ ಬೇಕು, ಆದರೆ ಕೈ ಸುತ್ತಬೇಕಾದ ವೃತ್ತ ಅರ್ಧವಾಗುತ್ತದೆ. ಒಂದು ಸುತ್ತಿಗೆ ಮಾಡುವ ಕೆಲಸ ಎರಡರಲ್ಲೂ ಒಂದೇ. ಅಂಚಿನ ಗೂಟ ಉಳಿಸುವುದು ತೋಳಿನ ನೋವನ್ನು, ಶಕ್ತಿಯನ್ನಲ್ಲ. ಟಾರ್ಕಿಗೂ ಕೆಲಸಕ್ಕೂ ಏಕಮಾನ ನ್ಯೂಟನ್-ಮೀಟರ್ ಆದರೂ ಕೆಲಸವನ್ನು ಮಾತ್ರ ಜೌಲ್ ಎಂದು ಕರೆಯುವುದಕ್ಕೆ ಕಾರಣವೂ ಇಲ್ಲೇ ಇದೆ. ಕೆಲಸದಲ್ಲಿ ದೂರವೆಂದರೆ ಬಲದ ದಿಕ್ಕಿನಲ್ಲಿ ಕೈ ಸಾಗಿದ ದೂರ. ಟಾರ್ಕಿನಲ್ಲಿ ದೂರವೆಂದರೆ ಅಕ್ಷದಿಂದ ಬಲದ ರೇಖೆಗೆ ಲಂಬವಾಗಿರುವ ದೂರ. ಅಲುಗದ ನಟ್ಟಿನ ಮೇಲೆ ನಿಂತ ಹುಡುಗ 200 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತಿದ್ದ, ಆದರೆ ಅಲ್ಲಿ ಆದ ಕೆಲಸ ಸೊನ್ನೆ.

ಗೋಲಿ, ಸೆಲ್ಲು, ಬಳೆಗಳ ಓಟ

‘ಎಲ್ಲಿ?’ ಎಂಬ ಪ್ರಶ್ನೆ ಬಲಕ್ಕೆ ಮಾತ್ರವಲ್ಲ, ರಾಶಿಗೂ ಅನ್ವಯಿಸುತ್ತದೆ. ಬಹುಪಾಲು ವಿದ್ಯಾರ್ಥಿಗಳು ಕೈಚೆಲ್ಲುವುದು ಈ ಹಂತದಲ್ಲಿ. ಆದ್ದರಿಂದ ಇದನ್ನು ಓದುವುದಕ್ಕಿಂತ ಮೊದಲು ಮಾಡಿ ನೋಡುವುದು ಒಳ್ಳೆಯದು. ಸುಮಾರು ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಗೆ ಪುಸ್ತಕಗಳನ್ನು ಇಟ್ಟು 10 ಸೆಂಟಿಮೀಟರ್ ಎತ್ತರಿಸಬೇಕು. ಒಂದು ಗೋಲಿ, ಟಾರ್ಚಿನ ಒಂದು ಸೆಲ್ಲು, ಮತ್ತು ಒಂದೇ ಅಳತೆಯ ನಾಲ್ಕೈದು ಪ್ಲಾಸ್ಟಿಕ್ ಬಳೆಗಳನ್ನು ಒತ್ತಾಗಿ ಜೋಡಿಸಿ ಅಂಟುಪಟ್ಟಿ ಸುತ್ತಿದ ಒಂದು ಕಟ್ಟು, ಇವಿಷ್ಟು ಸಾಮಗ್ರಿ. ಮೂರನ್ನೂ ಮೇಲೆ ಸಾಲಾಗಿ ಇಟ್ಟು, ಅಡ್ಡ ಹಿಡಿದ ಸ್ಕೇಲನ್ನು ಫಕ್ಕನೆ ಎತ್ತಬೇಕು. ಅದಕ್ಕೂ ಮೊದಲು ಯಾವುದು ಗೆಲ್ಲುತ್ತದೆ ಎಂದು ಮನೆಯವರೆಲ್ಲ ಒಂದೊಂದು ಚೀಟಿಯಲ್ಲಿ ಬರೆದಿಡುವುದು ವಾಸಿ. ಭಾರವಾದ ಸೆಲ್ಲು ಗೆಲ್ಲುತ್ತದೆ ಎಂದು ಬರೆಯುವವರು ಎಲ್ಲ ಮನೆಯಲ್ಲೂ ಇರುತ್ತಾರೆ.

ಗೆಲ್ಲುವುದು ಗೋಲಿ. ಲೆಕ್ಕದ ಪ್ರಕಾರ ಅದು ಒಂದು ಮೀಟರ್ ದಾಟುವ ಹೊತ್ತಿಗೆ ಸೆಲ್ಲು ಸುಮಾರು 93 ಸೆಂಟಿಮೀಟರಿನಲ್ಲಿ ಇರುತ್ತದೆ, ಬಳೆಗಳು 70ರ ಸುಮಾರಿನಲ್ಲಿ. ದೊಡ್ಡ ಗೋಲಿಯನ್ನೂ ಚಿಕ್ಕ ಗೋಲಿಯನ್ನೂ ಜೊತೆಗೆ ಬಿಟ್ಟರೆ ಎರಡೂ ಒಟ್ಟಿಗೇ ಬರುತ್ತವೆ. ಅಂದರೆ ಸೋಲು ಗೆಲುವು ತೂಕದಿಂದಲೂ ಅಲ್ಲ, ಗಾತ್ರದಿಂದಲೂ ಅಲ್ಲ. ರಾಶಿ ಅಕ್ಷದಿಂದ ಎಷ್ಟು ದೂರದಲ್ಲಿ ಹರಡಿದೆ ಎಂಬುದರಿಂದ. ಬಳೆಯ ರಾಶಿಯೆಲ್ಲ ಅಂಚಿನಲ್ಲೇ ಇದೆ. ಗೋಲಿಯಲ್ಲಿ ಬಹುಭಾಗ ಒಳಗಡೆ ಇದೆ. ಎತ್ತರದಿಂದ ಇಳಿಯುವಾಗ ಸಿಗುವ ಶಕ್ತಿಯಲ್ಲಿ ಒಂದು ಪಾಲು ಮುಂದೆ ಸಾಗುವುದಕ್ಕೆ, ಇನ್ನೊಂದು ಪಾಲು ಸುತ್ತುವುದಕ್ಕೆ. ಬಳೆ ಅರ್ಧಕ್ಕರ್ಧವನ್ನು ಸುತ್ತುವುದಕ್ಕೇ ಕೊಡುತ್ತದೆ. ಸೆಲ್ಲಿನಂಥ ಗಟ್ಟಿ ಉರುಳೆ ಮೂರನೆಯ ಒಂದು ಭಾಗ ಕೊಟ್ಟರೆ, ಗೋಲಿ ಏಳರಲ್ಲಿ ಎರಡು ಭಾಗ ಮಾತ್ರ ಕೊಡುತ್ತದೆ.

ತಿರುಗುವ ವಿಷಯದಲ್ಲಿ ವಸ್ತು ತೋರುವ ಈ ಜಡತ್ವವನ್ನು ಪುಸ್ತಕಗಳು ‘ಮೊಮೆಂಟ್ ಆಫ್ ಇನರ್ಷಿಯಾ’ ಎನ್ನುತ್ತವೆ. ಹೆಸರಿಟ್ಟವನು ಗಣಿತಜ್ಞ ಆಯ್ಲರ್. 1765ರಲ್ಲಿ ಪ್ರಕಟವಾದ ಗ್ರಂಥದಲ್ಲಿ. ಪ್ರತಿ ಕಣದ ರಾಶಿಯನ್ನು ಅಕ್ಷದಿಂದ ಅದರ ದೂರದ ವರ್ಗದಿಂದ ಗುಣಿಸಿ ಕೂಡಿಸುವುದು ಇದರ ಲೆಕ್ಕ. ವರ್ಗ ಎಂಬುದನ್ನು ಗಮನಿಸಬೇಕು: ದೂರ ಎರಡರಷ್ಟಾದರೆ ಜಡತ್ವ ನಾಲ್ಕರಷ್ಟು. ಕೈಯಿಂದ ತಿರುಗಿಸುವ ಕಬ್ಬಿನ ಹಾಲಿನ ಯಂತ್ರಕ್ಕೆ ಅಷ್ಟು ದೊಡ್ಡ ಚಕ್ರವನ್ನು ಇಟ್ಟು, ಅದರ ಅಂಚನ್ನೇ ದಪ್ಪ ಮಾಡುವುದು ಇದಕ್ಕಾಗಿ. ಒಮ್ಮೆ ವೇಗ ಹಿಡಿದ ಚಕ್ರ, ಕಬ್ಬಿನ ಗೆಣ್ಣು ಸಿಕ್ಕಿದಾಗಲೂ ನಿಲ್ಲದೆ ಎಳೆದುಕೊಂಡು ಹೋಗುತ್ತದೆ. ಕುಂಬಾರರ ಹಳೆಯ ತಿಗರಿಯೂ ಹಾಗೆಯೇ. ಅಂಚಿನ ಬಳಿ ಕೋಲು ಸಿಕ್ಕಿಸಿ ರಭಸದಿಂದ ತಿರುಗಿಸಿಬಿಟ್ಟರೆ ಮಡಕೆ ರೂಪುಗೊಳ್ಳುವವರೆಗೆ ಅದು ತಾನೇ ತಿರುಗುತ್ತಿರುತ್ತದೆ. ಕೋಲನ್ನು ಅಂಚಿನ ಬಳಿ ಸಿಕ್ಕಿಸುವುದು ಟಾರ್ಕ್ ಹೆಚ್ಚಲೆಂದು. ಚಕ್ರ ಅಗಲವಾಗಿ, ಭಾರವಾಗಿ ಇರುವುದು ಜಡತ್ವ ಹೆಚ್ಚಲೆಂದು. ಪಾಠದ ಎರಡು ಮುಖ್ಯ ಸಂಗತಿಗಳೂ ಒಂದೇ ತಿಗರಿಯಲ್ಲಿವೆ.

ಇದೇ ಜಡತ್ವ ಕಡಿಮೆಯಾದರೆ ಸುತ್ತುವ ವೇಗ ಹೆಚ್ಚುತ್ತದೆ ಎಂದು ವಿವರಿಸಲು ಪುಸ್ತಕಗಳು ಮಂಜುಗಡ್ಡೆಯ ಮೇಲೆ ಗಿರಕಿ ಹೊಡೆಯುವ ಸ್ಕೇಟರ್‌ಗಳನ್ನು ತರುತ್ತವೆ. ನಮ್ಮ ಎಷ್ಟು ಮಕ್ಕಳು ಅದನ್ನು ಕಂಡಿದ್ದಾರೆ? ಕಚೇರಿಯ ತಿರುಗುವ ಕುರ್ಚಿಯಲ್ಲಿ ಕುಳಿತು, ಎರಡು ಕೈಗಳಲ್ಲಿ ಒಂದೊಂದು ದಪ್ಪ ಪುಸ್ತಕ ಹಿಡಿದು ಚಾಚಿ, ಯಾರಿಂದಲಾದರೂ ನಿಧಾನವಾಗಿ ತಿರುಗಿಸಿಕೊಂಡು, ಕೈಗಳನ್ನು ಎದೆಗೆ ತಂದುಕೊಂಡರೆ ಸಾಕು.

ಗೋಲಿಯ ಓಟವನ್ನು ಕಣ್ಣಾರೆ ನೋಡಿದವರು ಪರೀಕ್ಷೆಯಲ್ಲಿ ಒಂದು ಸಾಮಾನ್ಯ ತಪ್ಪಿನಿಂದ ಪಾರಾಗುತ್ತಾರೆ. 10 ಸೆಂಟಿಮೀಟರ್ ಎತ್ತರದಿಂದ ಉರುಳಿದ ಗೋಲಿಯ ವೇಗ ಎಷ್ಟು ಎಂದು ಕೇಳಿದರೆ, ಹತ್ತನೆಯ ತರಗತಿಯ ಅಭ್ಯಾಸಬಲದಿಂದ ಸೆಕೆಂಡಿಗೆ 1.4 ಮೀಟರ್ ಎಂದು ಬರೆದುಬಿಡುವವರು ಬಹಳ. ಅದು ಘರ್ಷಣೆಯಿಲ್ಲದೆ ಜಾರುವ ವಸ್ತುವಿನ ವೇಗ. ಉರುಳುವ ಗೋಲಿಗೆ ಉತ್ತರ ಸುಮಾರು 1.18 ಮೀಟರ್. ಇಂಥ ಪ್ರಶ್ನೆಗಳಲ್ಲಿ ಎರಡೂ ಉತ್ತರಗಳು ಆಯ್ಕೆಗಳ ಸಾಲಿನಲ್ಲಿ ಕುಳಿತಿರುತ್ತವೆ. ನಾಚಿಕೊಳ್ಳಬೇಕಾದ್ದಿಲ್ಲ, ತೋಡಿನಲ್ಲಿ ಕಂಚಿನ ಗುಂಡು ಉರುಳಿಸಿದ ಪ್ರಯೋಗವನ್ನು ತನ್ನ 1638ರ ಗ್ರಂಥದಲ್ಲಿ ವಿವರಿಸಿದ ಗೆಲಿಲಿಯೋಗೂ, ಸುತ್ತುವಿಕೆ ನುಂಗಿಹಾಕುವ ಈ ಪಾಲಿನ ಲೆಕ್ಕ ಗೊತ್ತಿರಲಿಲ್ಲ.

ಡಿಸೆಂಬರ್ ಬಂದಾಗ ಇನ್ನೊಂದು ಓಟ ನಡೆಸಬಹುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ದುಂಡನೆಯ ಬಾಟಲಿಯ ತುಂಬ ಎಣ್ಣೆ ತುಂಬಿಸಿ, ಬೆಳಗಿನ ಚಳಿಯಲ್ಲಿ ಪೂರ್ತಿ ಗಟ್ಟಿಯಾದಾಗ ಒಮ್ಮೆ ಹಲಗೆಯ ಮೇಲೆ ಉರುಳಿಸಿ, ಹಿಡಿದ ಸಮಯವನ್ನು ಬರೆದಿಡಬೇಕು. ಬಿಸಿಲಿನಲ್ಲಿಟ್ಟು ಪೂರ್ತಿ ಕರಗಿದ ಮೇಲೆ ಮತ್ತೊಮ್ಮೆ. ಅದೇ ಬಾಟಲಿ, ಅದೇ ಎಣ್ಣೆ, ಅದೇ ತೂಕ. ಆದರೆ ಕರಗಿದ ಎಣ್ಣೆಯ ಬಾಟಲಿ ಬೇಗ ಇಳಿಯುತ್ತದೆ. ಗಟ್ಟಿ ಎಣ್ಣೆ ಬಾಟಲಿಯ ಜೊತೆಯಲ್ಲೇ ಸುತ್ತಬೇಕು. ಕರಗಿದ ಎಣ್ಣೆಯಲ್ಲಿ ಗೋಡೆಗೆ ತಾಗಿದ ಪದರ ಮಾತ್ರ ಮೊದಲು ಸುತ್ತುತ್ತದೆ, ನಡುವಿನ ಎಣ್ಣೆ ಅಷ್ಟಾಗಿ ಸುತ್ತದೆ ಮುಂದಕ್ಕೆ ಸಾಗುತ್ತದೆ. ಎರಡನೆಯ ಸಲ ಉರುಳಿಸುವ ಮುನ್ನ ಮುಚ್ಚಳ ಬಿಗಿಯಾಗಿದೆಯೇ ಎಂದು ಅಮ್ಮನಿಗೆ ತೋರಿಸಿಕೊಳ್ಳುವುದು ಕ್ಷೇಮ.